ಹಳೆಯ ವಿಂಡೋಸ್ ಲೆಕ್ಕದ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ಬಗೆ

ಶಿವಮೊಗ್ಗದಲ್ಲಿರುವ ನಮ್ಮ ಸೋದರಮಾವನವರ ಅಡಿಕೆ ಮಂಡಿಯಲ್ಲಿ 2004ರಿಂದ ಒಂದೇ ಲೆಕ್ಕದ ತಂತ್ರಾಂಶ ನಡೆದುಕೊಂಡು ಬಂದಿದೆ. ಪರಿಚಯದ ಹುಡುಗನೊಬ್ಬ ವಿಶುವಲ್ ಬೇಸಿಕ್ 6ರಲ್ಲಿ ಬರೆದುಕೊಟ್ಟ ಅದು ಬೆಳೆಗಾರರ ಮುಂಗಡ, ಬಾಕಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ತೂಕ, ದರ, ದಿನದ ಅಖೈರು ಶಿಲ್ಕು ಇಷ್ಟನ್ನೂ ಒಂದೇ ಒಂದು ಮೈಕ್ರೋಸಾಫ್ಟ್ ಆಕ್ಸೆಸ್ ದತ್ತಾಂಶ ಕಡತದಲ್ಲಿ ಇಟ್ಟುಕೊಳ್ಳುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಬಿಲ್ಲಿಗೆ ಬೇರೆ ತಂತ್ರಾಂಶ ಬಂದಿತಾದರೂ ಬೆಳೆಗಾರರ ಖಾತೆಯನ್ನು ಮಾವ ಇಂದಿಗೂ ಇದರಲ್ಲಿಯೇ ಬರೆಯುತ್ತಾರೆ. ಮುಂಗಾರಿಗೆ ಮುಂಚಿನ ಒಂದು ಸಿಡಿಲಿಗೆ ಅವರ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋದಾಗ, ಬದಲಿಗೆ ಬಂದ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ವೈನ್ ಎಂಬ ಸಲಕರಣೆಯ ನೆರವಿನಿಂದ ಈ ತಂತ್ರಾಂಶವನ್ನು ಅದರ ಮೇಲೆ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿರುವುದು ಸಹಕಾರಿ ಸಂಘದ ಲೆಕ್ಕವಾಗಿರಲಿ, ಔಷಧಿ ಅಂಗಡಿಯ ದಾಸ್ತಾನಾಗಿರಲಿ, ಆ ಕಾಲದ ತಂತ್ರಾಂಶವಾಗಿದ್ದರೆ ತೊಡಕುಗಳು ಹೆಚ್ಚು ಕಡಿಮೆ ಇವೇ ಆಗಿರುತ್ತವೆ.

ಆದೇಶಗಳ ಹೆಸರುಗಳನ್ನು ಉಚ್ಚರಿಸುವಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ವಿಂಡೋದಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ದೊಡ್ಡಕ್ಷರ ಎಂದು ಹೇಳಿದ ಕಡೆ ದೊಡ್ಡಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ವೈನ್ ಎಂಬುದು ಏನು ಮಾಡುತ್ತದೆ

ವಿಂಡೋಸ್‌ಗೆಂದು ಬರೆದ ತಂತ್ರಾಂಶ ತೆರೆಯ ಮೇಲೆ ಒಂದು ಗುಂಡಿಯನ್ನು ಬಿಡಿಸಬೇಕಾದರೂ, ಒಂದು ಕಡತವನ್ನು ತೆರೆಯಬೇಕಾದರೂ ಅದಕ್ಕಾಗಿ ವಿಂಡೋಸನ್ನು ಕೇಳುತ್ತದೆ. ವೈನ್ ಆ ಕೇಳಿಕೆಗಳಿಗೆ ವಿಂಡೋಸ್ ಉತ್ತರಿಸುವ ರೀತಿಯಲ್ಲಿಯೇ ಉತ್ತರಿಸುತ್ತದೆ, ಆದರೆ ಒಳಗಿನ ಕೆಲಸವನ್ನು ಲಿನಕ್ಸ್‌ನಿಂದ ಮಾಡಿಸುತ್ತದೆ. ಇದರಲ್ಲಿ ವಿಂಡೋಸ್ ಇಲ್ಲ, ಅದರ ಪರವಾನಗಿಯೂ ಬೇಕಿಲ್ಲ. ಪ್ರೊಸೆಸರನ್ನು ಅನುಕರಿಸುವ ಕೆಲಸವೂ ಇಲ್ಲದ ಕಾರಣ ವೇಗ ಕುಗ್ಗುವುದಿಲ್ಲ. ಅದೇ ಕಾರಣಕ್ಕೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಯಂತ್ರವೇ ಬೇಕು. ರಾಸ್ಪ್‌ಬೆರಿ ಪೈಯಂಥ ಪುಟ್ಟ ಯಂತ್ರಗಳಲ್ಲಿ ವೈನ್ ಒಂದರಿಂದಲೇ ಕೆಲಸವಾಗುವುದಿಲ್ಲ. 1993ರಲ್ಲಿ ಆರಂಭವಾದ ಈ ಯೋಜನೆಯ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ನಂತರ. ಹತ್ತು ವರ್ಷಗಳ ಹಿಂದೆ ಪ್ರಯತ್ನಿಸಿ ಕೈಬಿಟ್ಟವರು ಈಗ ಇನ್ನೊಮ್ಮೆ ಪ್ರಯತ್ನಿಸಿದರೆ ತಪ್ಪಿಲ್ಲ, ಏಕೆಂದರೆ ಅಂದಿನ ವೈನ್‌ಗೂ ಇಂದಿನದಕ್ಕೂ ಬಹಳ ಅಂತರವಿದೆ.

ಹಳೆಯ ತಂತ್ರಾಂಶಗಳ ವಿಷಯದಲ್ಲಿ ವೈನ್‌ಗೆ ಇನ್ನೊಂದು ಅನುಕೂಲವೂ ಇದೆ. ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ, ವೈನ್‌ನಲ್ಲಿ ಓಡುತ್ತವೆ. ವಿಂಡೋಸ್ 95ರ ಕಾಲದ ಹಲವು ಸಿಡಿಗಳಲ್ಲಿ ತಂತ್ರಾಂಶ 32 ಬಿಟ್ ಆಗಿದ್ದರೂ ಅದನ್ನು ಸ್ಥಾಪಿಸುವ ಸೆಟಪ್ ಮಾತ್ರ 16 ಬಿಟ್ ಆಗಿರುವುದುಂಟು. ಹೊಸ ವಿಂಡೋಸ್‌ನಲ್ಲಿ ಹೊಸ್ತಿಲಲ್ಲಿಯೇ ನಿಂತುಬಿಡುವ ಅಂಥ ಸಿಡಿಗಳನ್ನು ವೈನ್ ಒಳಗೆ ಬಿಟ್ಟುಕೊಳ್ಳುತ್ತದೆ. ಡಾಸ್ ಕಾಲದ ಫಾಕ್ಸ್‌ಪ್ರೊ ತಂತ್ರಾಂಶಗಳಾದರೆ ಡಾಸ್‌ಬಾಕ್ಸ್ ಎಂಬ ಬೇರೆಯೇ ಸಲಕರಣೆ ಇದೆ, ಅವುಗಳಿಗೆ ವೈನ್ ಬೇಡ.

ಮೊದಲು ದತ್ತಾಂಶ, ಆಮೇಲೆ ತಂತ್ರಾಂಶ

ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದು, ಐಡಿಇ ಅಥವಾ ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಲಿನಕ್ಸ್‌ಗೆ ಸಿಕ್ಕಿಸಿ. ನಮ್ಮದು ಅಗಲವಾದ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್. ಅದಕ್ಕೆ ಬೇರೆ ವಿದ್ಯುತ್ ಸಂಪರ್ಕವೂ ಬೇಕಾಗುವುದರಿಂದ ಅಡಾಪ್ಟರ್ ಕೊಳ್ಳುವಾಗ ಅದರ ಜೊತೆಗೆ ಪವರ್ ಸಪ್ಲೈಯನ್ನೂ ಕೊಡುತ್ತಾರೆಯೇ ಎಂದು ನೋಡಿಕೊಳ್ಳಬೇಕು. ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ತಂತ್ರಾಂಶವಿದ್ದ ಇಡೀ ಫೋಲ್ಡರನ್ನು ನಕಲು ಮಾಡಿಕೊಳ್ಳಿ, ಆ ನಕಲನ್ನು ಒಂದು ಪೆನ್ ಡ್ರೈವಿಗೂ ಹಾಕಿ ಬೇರೆ ಕಡೆ ಎತ್ತಿಡಿ. ಇನ್ನು ಮುಂದೆ ಮಾಡುವ ಪ್ರಯೋಗಗಳೆಲ್ಲ ನಕಲಿನ ನಕಲಿನ ಮೇಲೆ ನಡೆಯಬೇಕು.

ಎಂಡಿಬಿ ಎಂಬ ಬಾಲವಿರುವ ಆಕ್ಸೆಸ್ ಕಡತ ಸಿಕ್ಕರೆ ಅರ್ಧ ಭಾರ ಇಳಿದಂತೆ. ಎಂಡಿಬಿ-ಟೂಲ್ಸ್ ಎಂಬ ಪುಟ್ಟ ಕಟ್ಟನ್ನು (ಪ್ಯಾಕೇಜನ್ನು) ಲಿನಕ್ಸ್‌ನಲ್ಲಿ ಹಾಕಿಕೊಂಡರೆ, ಎಂಡಿಬಿ-ಟೇಬಲ್ಸ್ ಎಂಬ ಆದೇಶ ಆ ಕಡತದಲ್ಲಿರುವ ಕೋಷ್ಟಕಗಳ ಹೆಸರುಗಳನ್ನು ತೋರಿಸುತ್ತದೆ, ಎಂಡಿಬಿ-ಎಕ್ಸ್‌ಪೋರ್ಟ್ ಎಂಬುದು ಕೇಳಿದ ಕೋಷ್ಟಕವನ್ನು ಸಿಎಸ್‌ವಿಯಾಗಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಹೊರಹಾಕುತ್ತದೆ. ಮೂಲ ತಂತ್ರಾಂಶ ಓಡಲಿ ಬಿಡಲಿ, ಅಷ್ಟೂ ವರ್ಷಗಳ ಖಾತೆ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದುಕೊಳ್ಳುತ್ತದೆ. ಹಳೆಯ ಬಾಕಿಗಳನ್ನು ನೋಡುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ನಿಲ್ಲಿಸದಿದ್ದರೂ ಈ ಸಿಎಸ್‌ವಿಯನ್ನು ಇಟ್ಟುಕೊಂಡಿರಿ, ಮುಂದೆ ತಾಳೆ ನೋಡಲು ಬೇಕಾಗುತ್ತದೆ.

ತಂತ್ರಾಂಶದ ಮೂಲ ಸಿಡಿ ಇದ್ದರೆ ಹುಡುಕಿ. ವಿಶುವಲ್ ಬೇಸಿಕ್‌ನ ತಂತ್ರಾಂಶಗಳು ಒಸಿಎಕ್ಸ್ ಎಂಬ ಬಿಡಿಭಾಗಗಳನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೋಂದಾಯಿಸಿಕೊಂಡಿರುತ್ತವೆ, ಫೋಲ್ಡರನ್ನು ಮಾತ್ರ ನಕಲು ಮಾಡಿದರೆ ಆ ನೋಂದಣಿ ಬರುವುದಿಲ್ಲ. ಸಿಡಿಯಿಂದ ಸ್ಥಾಪಿಸಿದರೆ ಆ ಕೆಲಸವನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ. ಮಾವನ ಸಿಡಿ ಕಬ್ಬಿಣದ ಕಪಾಟಿನಲ್ಲಿ, 2004-05ರ ಅಢಾವೆ ಪತ್ರಿಕೆಯ ಕಡತದೊಳಗೆ ಸಿಕ್ಕಿತು.

ವೈನ್ ಸ್ಥಾಪನೆ ಮತ್ತು ಪ್ರಿಫಿಕ್ಸ್

ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ವೈನ್-ಇನ್‌ಸ್ಟಾಲರ್ ಎಂಬುದನ್ನು ಹುಡುಕಿ ಹಾಕಿಕೊಂಡರೆ ಸಾಕು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮೊದಲು ಡಿಪಿಕೆಜಿ ಆದೇಶದ ಆಡ್-ಆರ್ಕಿಟೆಕ್ಚರ್ ಆಯ್ಕೆಯಿಂದ ಐ386 ಎಂಬ 32 ಬಿಟ್ ವಿನ್ಯಾಸವನ್ನು ಸೇರಿಸಿ, ಕಟ್ಟುಗಳ ಪಟ್ಟಿಯನ್ನು ಹೊಸದಾಗಿಸಿಕೊಂಡು, ನಂತರ ವೈನ್ ಮತ್ತು ವೈನ್32 ಎರಡನ್ನೂ ಸ್ಥಾಪಿಸಬೇಕು. ವೈನ್32 ಇಲ್ಲದೆ 64 ಬಿಟ್ ಭಾಗವನ್ನಷ್ಟೇ ಹಾಕಿಕೊಂಡವರು, ಹಳೆಯ ತಂತ್ರಾಂಶದ ಮೇಲೆ ಎರಡು ಬಾರಿ ಒತ್ತಿದಾಗ ಏನೂ ಆಗುವುದಿಲ್ಲ ಎಂದು ಗೊಣಗುವುದನ್ನು ಬಹಳ ಸಲ ಕೇಳಿದ್ದೇನೆ. ಜೊತೆಗೆ ವೈನ್‌ಟ್ರಿಕ್ಸ್ ಎಂಬುದನ್ನೂ ಹಾಕಿಕೊಳ್ಳಿ. ಮೈಕ್ರೋಸಾಫ್ಟ್‌ನ ಹಳೆಯ ಬಿಡಿಭಾಗಗಳನ್ನು ತಂದು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಅದರದು.

ವೈನ್ ತನ್ನ ನಕಲಿ ಸಿ ಡ್ರೈವನ್ನೂ ರಿಜಿಸ್ಟ್ರಿಯನ್ನೂ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಪ್ರಿಫಿಕ್ಸ್ ಎನ್ನುತ್ತಾರೆ. ನೀವು ಏನೂ ಹೇಳದಿದ್ದರೆ ಹೋಮ್ ಫೋಲ್ಡರಿನೊಳಗೆ ಚುಕ್ಕೆಯಿಂದ ಆರಂಭವಾಗುವ ವೈನ್ ಎಂಬ ಮರೆಯಾದ ಫೋಲ್ಡರ್ ಹುಟ್ಟಿಕೊಂಡು ಎಲ್ಲ ತಂತ್ರಾಂಶಗಳೂ ಅದರಲ್ಲಿಯೇ ತುಂಬಿಕೊಳ್ಳುತ್ತವೆ. ಇದನ್ನು ತಪ್ಪಿಸಿ, ಒಂದೊಂದು ಹಳೆಯ ತಂತ್ರಾಂಶಕ್ಕೂ ಅದರದೇ ಪ್ರಿಫಿಕ್ಸ್ ಕಟ್ಟಿಕೊಡುವುದು ನನ್ನ ರೂಢಿ. ಒಂದಕ್ಕೆ ಬೇಕಾದ ಹಳೆಯ ಬಿಡಿಭಾಗ ಇನ್ನೊಂದನ್ನು ಕೆಡಿಸುವುದಿಲ್ಲ, ಪ್ರಯೋಗ ಹದಗೆಟ್ಟರೆ ಆ ಫೋಲ್ಡರನ್ನು ಅಳಿಸಿ ಮತ್ತೆ ಮೊದಲಿನಿಂದ ಹಿಡಿಯಬಹುದು.

ವೈನ್‌ಪ್ರಿಫಿಕ್ಸ್ ಮತ್ತು ವೈನ್‌ಆರ್ಚ್ ಎಂಬ ಎರಡು ದೊಡ್ಡಕ್ಷರದ ಹೆಸರುಗಳಿಗೆ ಬೆಲೆ ಕೊಟ್ಟು ವೈನ್‌ಸಿಎಫ್‌ಜಿಯನ್ನು ಕರೆದರೆ ಹೊಸ ಪ್ರಿಫಿಕ್ಸ್ ತಯಾರಾಗುತ್ತದೆ. ಮೊದಲನೆಯದಕ್ಕೆ ಫೋಲ್ಡರಿನ ಪೂರ್ತಿ ದಾರಿ, ಎರಡನೆಯದಕ್ಕೆ ವಿನ್32 ಎಂಬ ಬೆಲೆ; ಎಲ್ಲವನ್ನೂ ಒಂದೇ ಸಾಲಿನಲ್ಲಿ, ಸಮ ಚಿಹ್ನೆಯ ಆಚೀಚೆ ಜಾಗ ಬಿಡದೆ ಬರೆಯಬೇಕು. ವಿನ್32 ಎಂದು ಹೇಳುವುದು ಇಲ್ಲಿ ಮುಖ್ಯ, ಏಕೆಂದರೆ ಆಕ್ಸೆಸ್ ಕಡತವನ್ನು ಓದುವ ಮೈಕ್ರೋಸಾಫ್ಟ್‌ನ ಹಳೆಯ ಬಿಡಿಭಾಗಗಳನ್ನು ವೈನ್‌ಟ್ರಿಕ್ಸ್ 32 ಬಿಟ್ ಪ್ರಿಫಿಕ್ಸ್‌ನಲ್ಲಿ ಮಾತ್ರ ಹಾಕಿಕೊಡುತ್ತದೆ, ಹಾಗೂ ಒಮ್ಮೆ 64 ಬಿಟ್ ಆಗಿ ಹುಟ್ಟಿದ ಪ್ರಿಫಿಕ್ಸನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ಕಟ್ಟಿದ ಕೆಲವು ವೈನ್ ಆವೃತ್ತಿಗಳು ವಿನ್32 ಎಂದೊಡನೆ ಇದಕ್ಕೆ ಬೆಂಬಲವಿಲ್ಲ ಎಂದು ಸಂದೇಶ ಕೊಟ್ಟು ನಿಲ್ಲುತ್ತವೆ. ಹಾಗಾದರೆ ವೈನ್32 ಕಟ್ಟನ್ನು ಪ್ರತ್ಯೇಕವಾಗಿ ಕೊಡುವ ಆವೃತ್ತಿಗೆ ಹೋಗುವುದೇ ಸುಲಭದ ದಾರಿ. ಮೊದಲ ಬಾರಿಗೆ ಪ್ರಿಫಿಕ್ಸ್ ತಯಾರಾಗುವಾಗ ಮೋನೊ ಎಂಬುದನ್ನು ಹಾಕಲೇ ಎಂದು ವೈನ್ ಕೇಳಬಹುದು. ಅದು ಡಾಟ್‌ನೆಟ್ ತಂತ್ರಾಂಶಗಳಿಗೆ ಬೇಕಾದದ್ದು, ವಿಶುವಲ್ ಬೇಸಿಕ್ 6ಕ್ಕೆ ಅದರ ಅಗತ್ಯವಿಲ್ಲ.

ವೈನ್‌ಸಿಎಫ್‌ಜಿಯ ವಿಂಡೋ ತೆರೆದುಕೊಂಡಾಗ ವಿಂಡೋಸ್ ಆವೃತ್ತಿಯನ್ನು ಎಕ್ಸ್‌ಪಿ ಎಂದು ಮಾಡಿ. ಗ್ರಾಫಿಕ್ಸ್ ಎಂಬ ಪುಟದಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಆಯ್ಕೆಯನ್ನು ಗುರುತಿಸಿ 1024×768 ಎಂದು ಕೊಟ್ಟರೆ, ಆ ಕಾಲದ ತೆರೆಗೆ ಅಳತೆ ಮಾಡಿ ಬರೆದ ಫಾರಂಗಳು ಇಂದಿನ ಅಗಲ ಪರದೆಯಲ್ಲಿ ಮೂಲೆ ಹಿಡಿದು ಕೂರುವುದಿಲ್ಲ. ಡ್ರೈವ್ಸ್ ಎಂಬ ಪುಟದಲ್ಲಿ ಝಡ್ ಎಂಬ ಡ್ರೈವ್ ನಿಮ್ಮ ಇಡೀ ಲಿನಕ್ಸ್ ಕಡತ ವ್ಯವಸ್ಥೆಯನ್ನು ತೋರಿಸುತ್ತಿರುತ್ತದೆ. ಸ್ಥಾಪನೆ ಮುಗಿದ ಮೇಲೆ ಅದನ್ನು ತೆಗೆದುಹಾಕಿ. ಹಳೆಯ ಡಿಸ್ಕಿನಿಂದ ಬಂದ ಫೋಲ್ಡರಿನಲ್ಲಿ ಹಳೆಯ ವೈರಸ್ಸೂ ಬಂದಿರುವ ಸಾಧ್ಯತೆ ಇದೆ. ವಿಂಡೋಸ್‌ನ ವೈರಸ್ ವೈನ್‌ನಲ್ಲೂ ಓಡಬಲ್ಲದು. ವೈನನ್ನು ಸುಡೊ ಹಾಕಿ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ ಕೊಟ್ಟು, ಎಂದಿಗೂ ಓಡಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಬಿಡಿಭಾಗಗಳು

ಸಿಡಿಯೊಳಗಿನ ಸೆಟಪ್ಪನ್ನು ಇದೇ ಪ್ರಿಫಿಕ್ಸ್‌ನಲ್ಲಿ ಓಡಿಸಿದೆ, ಸ್ಥಾಪನೆ ತಕರಾರಿಲ್ಲದೆ ಮುಗಿಯಿತು. ತಂತ್ರಾಂಶವನ್ನು ತೆರೆದಾಗ ಮಾತ್ರ ಎಂಎಸ್‌ಎಫ್‌ಎಲ್‌ಎಕ್ಸ್‌ಜಿಆರ್‌ಡಿ ಎಂಬ ಒಸಿಎಕ್ಸ್ ಅಥವಾ ಅದು ಅವಲಂಬಿಸಿರುವ ಕಡತ ಸರಿಯಾಗಿ ನೋಂದಣಿಯಾಗಿಲ್ಲ ಎಂಬ ಬೂದು ಬಣ್ಣದ ಪೆಟ್ಟಿಗೆಯೊಂದು ಎದ್ದು ನಿಂತಿತು. ವಿಶುವಲ್ ಬೇಸಿಕ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಹಳೆಯ ಗೆಳೆಯನ ಮುಖವಿದ್ದಂತೆ: ಫ್ಲೆಕ್ಸ್‌ಗ್ರಿಡ್, ಅಂದರೆ ಖಾತೆಯನ್ನು ಸಾಲು ಕಂಬಗಳಲ್ಲಿ ತೋರಿಸುವ ಬಿಡಿಭಾಗ, ಸಿಕ್ಕುತ್ತಿಲ್ಲ ಎಂದರ್ಥ. ವೈನ್‌ಟ್ರಿಕ್ಸ್‌ನಲ್ಲಿ ಅದೇ ಹೆಸರಿನ ಕಟ್ಟು ಇದೆ, ಹಾಕಿದರೆ ಸರಿಹೋಗುತ್ತದೆ. ಅಲ್ಲಿ ಇಲ್ಲದ ಯಾವುದಾದರೂ ಒಸಿಎಕ್ಸ್ ಆಗಿದ್ದರೆ ಹಳೆಯ ಡಿಸ್ಕಿನ ಸಿಸ್ಟಮ್32 ಫೋಲ್ಡರಿನಿಂದ ಅದನ್ನು ತಂದು ಪ್ರಿಫಿಕ್ಸ್‌ನ ಅದೇ ಹೆಸರಿನ ಫೋಲ್ಡರಿಗೆ ಹಾಕಿ, ವೈನ್ ಮೂಲಕ ರೆಗ್‌ಎಸ್‌ವಿಆರ್32 ಆದೇಶಕ್ಕೆ ಆ ಕಡತದ ಹೆಸರನ್ನು ಕೊಟ್ಟು ನೋಂದಾಯಿಸಬಹುದು.

ಈ ಬಗೆಯ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಬೇಕಾಗುವವು ವಿಬಿ6ರನ್, ಎಂಡ್ಯಾಕ್28, ಜೆಟ್40, ಕಾಮ್‌ಸಿಟಿಎಲ್32ಒಸಿಎಕ್ಸ್, ಮತ್ತು ಅಕ್ಷರಗಳಿಗಾಗಿ ಕೋರ್‌ಫಾಂಟ್ಸ್. ಸಿ++ನಲ್ಲಿ ಬರೆದದ್ದಾದರೆ ಎಂಎಫ್‌ಸಿ42 ಮತ್ತು ವಿಸಿರನ್6 ಬೇಕಾಗುತ್ತವೆ. ಎಲ್ಲವನ್ನೂ ಒಟ್ಟಿಗೆ ಸುರಿಯದೆ, ಒಂದನ್ನು ಹಾಕಿ ತಂತ್ರಾಂಶವನ್ನು ತೆರೆದು ನೋಡಿ, ಆಮೇಲೆ ಮುಂದಿನದನ್ನು ಹಾಕಿ. ಯಾವುದು ಬೇಕು ಎಂದು ಊಹಿಸುತ್ತ ಕೂರುವ ಬದಲು ತಂತ್ರಾಂಶವನ್ನು ಟರ್ಮಿನಲ್‌ನಿಂದಲೇ ಓಡಿಸಿದರೆ, ಇಂಥ ಡಿಎಲ್‌ಎಲ್ (ವಿಂಡೋಸ್‌ನ ಬಿಡಿಭಾಗದ ಕಡತ) ಸಿಗಲಿಲ್ಲ, ಅದು ಇಂಥ ಕಡತಕ್ಕೆ ಬೇಕಿತ್ತು ಎಂದು ಹೆಸರು ಹಿಡಿದು ಹೇಳುವ ಸಾಲು ಅಲ್ಲಿ ಕಾಣಿಸುತ್ತದೆ. ಫಿಕ್ಸ್‌ಮಿ ಎಂದು ಆರಂಭವಾಗುವ ಸಾಲುಗಳು ವೈನ್ ಬರೆಯುವವರು ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳು. ನೂರಾರು ಬಂದರೂ ಗಾಬರಿಯಾಗಬೇಕಿಲ್ಲ. ಇಆರ್‌ಆರ್ ಎಂದು ಆರಂಭವಾಗುವ ಸಾಲುಗಳನ್ನು ಮಾತ್ರ ಓದಿ.

ತಾರೀಖು

ಎರಡನೆಯ ದಿನದ ಮಧ್ಯಾಹ್ನಕ್ಕೆ ತಂತ್ರಾಂಶ ತೆರೆದುಕೊಂಡಿತು, ಖಾತೆಗಳು ಕಂಡವು, ಮಾವ ಬಂದು ಕುರ್ಚಿ ಎಳೆದುಕೊಂಡು ಕೂತರು. ಪರೀಕ್ಷೆಗೆಂದು ಬೆಳೆಗಾರರೊಬ್ಬರ ಹೆಸರಿನಲ್ಲಿ 05/03 ಎಂದು ತಾರೀಖು ಹಾಕಿ ಒಂದು ಮುಂಗಡ ಬರೆದೆವು. ಆ ವರ್ಷದ ಖಾತೆ ತೆಗೆದರೆ ಬರೆದದ್ದು ಇಲ್ಲ. ಹುಡುಕಿದಾಗ ಅದು ಮುಂದಿನ ಆರ್ಥಿಕ ವರ್ಷದ ಖಾತೆಯಲ್ಲಿ, ಮೇ 3ನೆಯ ತಾರೀಖಿನ ಕೆಳಗೆ ಕೂತಿತ್ತು.

ಕಾರಣ ಇಷ್ಟೇ. ವಿಂಡೋಸ್‌ನಲ್ಲಿ ರೀಜನಲ್ ಸೆಟ್ಟಿಂಗ್ಸ್ ಎಂಬಲ್ಲಿ ಭಾರತ ಎಂದು ಇದ್ದಾಗ ತಾರೀಖನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಓದಲಾಗುತ್ತದೆ. ವೈನ್‌ನಲ್ಲಿ ಆ ಮಾಹಿತಿ ಲಿನಕ್ಸ್‌ನ ಭಾಷೆಯ ಆಯ್ಕೆಯಿಂದ ಬರುತ್ತದೆ; ಲಿನಕ್ಸ್ ಹಾಕುವಾಗ ನಾನು ಮೇಲಿದ್ದ ಇಂಗ್ಲಿಷನ್ನೇ ಒತ್ತಿದ್ದೆ, ಅದು ಅಮೆರಿಕದ ಇಂಗ್ಲಿಷ್, ಅಲ್ಲಿ ತಿಂಗಳು ಮೊದಲು. ಇನ್ನೂ ಕೆಟ್ಟದ್ದೆಂದರೆ, ವಿಶುವಲ್ ಬೇಸಿಕ್ ತಾರೀಖನ್ನು ಓದುವಾಗ ತಿಂಗಳಿನ ಜಾಗದಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಸುಮ್ಮನೆ ಅದಲು ಬದಲು ಮಾಡಿ ಸ್ವೀಕರಿಸಿಬಿಡುತ್ತದೆ. ಹೀಗಾಗಿ ಮಾರ್ಚ್ 13ರಿಂದ 31ರವರೆಗಿನ ನಮೂದುಗಳೆಲ್ಲ ಸರಿಯಾಗಿ, ಮಾರ್ಚ್ 1ರಿಂದ 12ರವರೆಗಿನವು, 3ನೆಯದೊಂದನ್ನು ಬಿಟ್ಟು, ಬೇರೆ ಬೇರೆ ತಿಂಗಳುಗಳಿಗೆ ಚದುರಿಹೋಗುತ್ತವೆ. ತಪ್ಪಿನ ಸಂದೇಶವೂ ಬರುವುದಿಲ್ಲ. ನಾವು ಅಂದು ಪರೀಕ್ಷೆಗೆ 20ನೆಯ ತಾರೀಖನ್ನು ಆರಿಸಿಕೊಂಡಿದ್ದರೆ ಎಲ್ಲ ಸರಿಯಾಗಿದೆ ಎಂದೇ ಎದ್ದುಹೋಗುತ್ತಿದ್ದೆವು. ಆದ್ದರಿಂದ ನೀವು ಪರೀಕ್ಷಿಸುವಾಗ ದಿನವೂ ತಿಂಗಳೂ 12ರ ಒಳಗಿರುವ, ಎರಡೂ ಬೇರೆ ಬೇರೆಯಾಗಿರುವ ತಾರೀಖನ್ನೇ ಹಾಕಬೇಕು.

ಇದಕ್ಕೆ ಪರಿಹಾರ ಎಲ್‌ಸಿ ಅಂಡರ್‌ಸ್ಕೋರ್ ಆಲ್ ಎಂಬ ದೊಡ್ಡಕ್ಷರದ ಹೆಸರು. ವೈನನ್ನು ಕರೆಯುವ ಮುನ್ನ ಅದಕ್ಕೆ ಭಾರತದ ಇಂಗ್ಲಿಷ್ ಎಂಬ ಅರ್ಥದ ಬೆಲೆಯನ್ನು, ಅಂದರೆ ಸಣ್ಣಕ್ಷರದ ಇಎನ್, ಅಂಡರ್‌ಸ್ಕೋರ್, ದೊಡ್ಡಕ್ಷರದ ಐಎನ್ ಎಂಬುದನ್ನು ಕೊಡಬೇಕು. ಲೊಕೇಲ್ ಆದೇಶಕ್ಕೆ ಅಡ್ಡಗೆರೆ ಎ ಸೇರಿಸಿ ಓಡಿಸಿದರೆ ನಿಮ್ಮ ಯಂತ್ರದಲ್ಲಿರುವ ಆಯ್ಕೆಗಳ ಪಟ್ಟಿ ಬರುತ್ತದೆ. ಹೆಸರನ್ನು ಆ ಪಟ್ಟಿಯಲ್ಲಿ ಇರುವಂತೆಯೇ ಬರೆಯಿರಿ, ಅಲ್ಲಿ ಇಲ್ಲದಿದ್ದರೆ ಮಿಂಟ್‌ನ ಲ್ಯಾಂಗ್ವೇಜಸ್ ಎಂಬಲ್ಲಿ ಮೊದಲು ಸೇರಿಸಿಕೊಳ್ಳಿ. ಇಡೀ ಯಂತ್ರವನ್ನು ಕನ್ನಡಕ್ಕೆ ಹಾಕಿಕೊಂಡವರು ಕೂಡ ಇಂಥ ತಂತ್ರಾಂಶಕ್ಕೆ ಮಾತ್ರ ಭಾರತದ ಇಂಗ್ಲಿಷ್ ಕೊಡುವುದು ಒಳ್ಳೆಯದು. ಹಳೆಯ ತಂತ್ರಾಂಶಗಳು 1252 ಎಂಬ ಸಂಕೇತ ಪಟ್ಟಿಯನ್ನು ನಂಬಿಕೊಂಡಿರುತ್ತವೆ, ಅದು ಆ ಆಯ್ಕೆಯ ಜೊತೆಗೆ ತಾನಾಗಿ ಬರುತ್ತದೆ.

ಸರಿಪಡಿಸಿದ ಮೇಲೆ 2004ರಿಂದ ಈಚಿನ ಪ್ರತಿ ಮಾರ್ಚ್ 31ರ ಅಖೈರು ಶಿಲ್ಕನ್ನು ತೆರೆಯ ಮೇಲೆ ತೆಗೆದು, ಮಾವನ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಿದೆವು. ಕೋಷ್ಟಕದ ಒಟ್ಟು ಮೊತ್ತವನ್ನು ಮೊದಲು ತೆಗೆದಿಟ್ಟ ಸಿಎಸ್‌ವಿಯ ಮೊತ್ತದೊಡನೆಯೂ ಹೋಲಿಸಿದೆವು. ಒಂದು ಸಂಜೆ ಹಿಡಿಯಿತು.

ಕನ್ನಡ ಅಕ್ಷರಗಳು

ನಮ್ಮ ತಂತ್ರಾಂಶದಲ್ಲಿ ಬೆಳೆಗಾರರ ಹೆಸರುಗಳು ಇಂಗ್ಲಿಷಿನಲ್ಲಿವೆ, ಅಡಿಕೆಯ ಬಗೆಗಳು ಮತ್ತು ವರದಿಯ ತಲೆಬರಹಗಳು ನುಡಿ ಎಂಬ ಕನ್ನಡ ಫಾಂಟಿನ ಅಕ್ಷರಗಳಲ್ಲಿವೆ. ಮೊದಲು ತೆರೆದಾಗ ರಾಶಿ ಎಂದಿರಬೇಕಾದಲ್ಲಿ ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಒಂದು ಮುದ್ದೆ ಕಾಣಿಸಿತು. ಆ ಕಾಲದ ನುಡಿ, ಬರಹ, ಶ್ರೀಲಿಪಿಗಳಲ್ಲಿ ಕನ್ನಡದ ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗಿತ್ತು. ಕಡತದೊಳಗೆ ಇರುವುದು ಆ ಮನೆಯ ಸಂಖ್ಯೆ ಮಾತ್ರ, ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಹಳೆಯ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ಆ ಟಿಟಿಎಫ್ ಕಡತಗಳನ್ನು ತಂದು ಪ್ರಿಫಿಕ್ಸ್‌ನ ಸಿ ಡ್ರೈವಿನಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್‌ಗೆ ಹಾಕಿದ ಕೂಡಲೇ ರಾಶಿ ರಾಶಿಯಾಯಿತು. ಒತ್ತಕ್ಷರ ಜೋಡಿಸುವ ಲೆಕ್ಕಾಚಾರವೇ ಇಲ್ಲದ್ದರಿಂದ ವೈನ್‌ಗೆ ಯುನಿಕೋಡ್ ಕನ್ನಡಕ್ಕಿಂತ ಈ ಹಳೆಯ ಪದ್ಧತಿಯೇ ಸಲೀಸು ಎನ್ನುವುದು ವಿಚಿತ್ರವಾದರೂ ನಿಜ.

ತೋರಿಸುವುದು ಸುಲಭ, ಟೈಪ್ ಮಾಡುವುದು ಅಷ್ಟು ಸುಲಭವಲ್ಲ. ಲಿನಕ್ಸ್‌ನಲ್ಲಿ ಬೇರೆ ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಸಿಗುತ್ತದೆ, ಆದರೆ ಅದು ಹೊರಡಿಸುವುದು ಯುನಿಕೋಡ್ ಅಕ್ಷರಗಳನ್ನು. ವಿಶುವಲ್ ಬೇಸಿಕ್ 6ರ ಪಠ್ಯ ಪೆಟ್ಟಿಗೆಗಳಿಗೆ ಯುನಿಕೋಡ್ ಕನ್ನಡ ತಿಳಿಯದ ಕಾರಣ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ. ಹಳೆಯ ಕೀಲಿಮಣೆ ತಂತ್ರಾಂಶವನ್ನು ಅದೇ ಪ್ರಿಫಿಕ್ಸ್‌ನಲ್ಲಿ ಹಾಕಿ ಪ್ರಯತ್ನಿಸಬಹುದಾದರೂ, ಅದರ ಹಿಡಿತ ವೈನ್‌ನ ವಿಂಡೋಗಳ ಒಳಗಷ್ಟೇ. ಹೊರಗಿನ ಲಿನಕ್ಸ್ ತಂತ್ರಾಂಶಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

ಹಳೆಯ ನುಡಿ ಅಕ್ಷರಗಳ ವರ್ಡ್ ಕಡತಗಳನ್ನು ಓದುವುದಕ್ಕಾಗಿಯೇ ವೈನ್ ಹುಡುಕುತ್ತಿದ್ದರೆ ಅದು ಬೇಡ. ಫಾಂಟನ್ನು ಲಿನಕ್ಸ್‌ಗೆ ಹಾಕಿಕೊಂಡು ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ. ಪೇಜ್‌ಮೇಕರ್ 7ರ ಕಡತಗಳನ್ನು ಕೂಡ ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಪುಟದ ಅಚ್ಚುಕಟ್ಟು ಸ್ವಲ್ಪ ಅಲ್ಲಾಡಬಹುದು.

ಪ್ರಿಂಟರ್

ಲಿನಕ್ಸ್‌ನಲ್ಲಿ ಕೆಲಸ ಮಾಡುವ ಪ್ರಿಂಟರ್‌ಗಳೆಲ್ಲ ವೈನ್‌ನ ತಂತ್ರಾಂಶಗಳಿಗೆ ತಾವಾಗಿಯೇ ಕಾಣಿಸುತ್ತವೆ. ತೊಡಕಿರುವುದು ಪ್ರಿಂಟರನ್ನು ಕೇಳದೆ ನೇರವಾಗಿ ಎಲ್‌ಪಿಟಿ1 ಎಂಬ ಬಾಗಿಲಿಗೆ ಅಕ್ಷರಗಳನ್ನು ಸುರಿಯುವ ತಂತ್ರಾಂಶಗಳಲ್ಲಿ, ಅಂದರೆ ಡಾಟ್ ಮ್ಯಾಟ್ರಿಕ್ಸ್ ಕಾಲದವುಗಳಲ್ಲಿ. ಮಾವನ ಹೊಸ ಯಂತ್ರದಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲವಾದ್ದರಿಂದ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದೆವು. ಲಿನಕ್ಸ್ ಅದನ್ನು ಡೆವ್ ಫೋಲ್ಡರಿನೊಳಗಿನ ಯುಎಸ್‌ಬಿ ಎಂಬಲ್ಲಿ ಎಲ್‌ಪಿ0 ಎಂಬ ಹೆಸರಿನಿಂದ ತೋರಿಸುತ್ತದೆ. ವೈನ್‌ನ ರೆಜ್‌ಎಡಿಟ್ ತೆರೆದು, ಲೋಕಲ್ ಮಷೀನ್ ಎಂಬುದರ ಕೆಳಗೆ ಸಾಫ್ಟ್‌ವೇರ್, ವೈನ್, ಪೋರ್ಟ್ಸ್ ಎಂಬ ಕೀಲಿಯನ್ನು ಮಾಡಿ, ಅದರಲ್ಲಿ ಎಲ್‌ಪಿಟಿ1 ಎಂಬ ಹೆಸರಿಗೆ ಆ ಕಡತದ ಪೂರ್ತಿ ದಾರಿಯನ್ನು ಬೆಲೆಯಾಗಿ ಕೊಡಬೇಕು. ಬಳಕೆದಾರರನ್ನು ಎಲ್‌ಪಿ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್ಔಟ್ ಆಗಿ ಬಂದು, ವೈನ್‌ಸರ್ವರ್ ಆದೇಶಕ್ಕೆ ಅಡ್ಡಗೆರೆ ಕೆ ಸೇರಿಸಿ ಕೊಟ್ಟು ವೈನನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಿದಾಗ ಕರಕರ ಸದ್ದಿನೊಂದಿಗೆ ಖಾತೆ ಅಚ್ಚಾಯಿತು. ಈ ಪ್ರಿಂಟರನ್ನು ಲಿನಕ್ಸ್‌ನ ಪ್ರಿಂಟರ್ ಪಟ್ಟಿಗೂ ಸೇರಿಸಿಬಿಟ್ಟರೆ ಆ ಎಲ್‌ಪಿ0 ಕೆಲವೊಮ್ಮೆ ಮಾಯವಾಗುತ್ತದೆ. ಎರಡರಲ್ಲಿ ಒಂದೇ ದಾರಿಯನ್ನು ಇಟ್ಟುಕೊಳ್ಳಿ.

ವೈನ್‌ನಿಂದ ಆಗದ ಕೆಲಸ

ಯಂತ್ರದ ಹಿಂದೆ ಡಾಂಗಲ್, ಅಂದರೆ ಪರವಾನಗಿಯ ಬೀಗದಕೈಯಂಥ ಪುಟ್ಟ ಸಾಧನ, ಸಿಕ್ಕಿಸಿದರೆ ಮಾತ್ರ ತೆರೆಯುವ ತಂತ್ರಾಂಶಗಳು, ತಮ್ಮದೇ ಡ್ರೈವರ್ ಹಾಕಿಕೊಳ್ಳುವ ತೂಕದ ಯಂತ್ರ ಅಥವಾ ಸ್ಕ್ಯಾನರ್‌ಗಳ ತಂತ್ರಾಂಶಗಳು ವೈನ್‌ನಲ್ಲಿ ನಡೆಯುವುದು ಅಪರೂಪ. ಅಂಥವಕ್ಕೆ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿಯನ್ನೇ ಸ್ಥಾಪಿಸಿ, ಯುಎಸ್‌ಬಿ ಸಾಧನವನ್ನು ಅದಕ್ಕೆ ಒಪ್ಪಿಸುವುದೇ ಸರಿ. ಅದಕ್ಕೆ 512 ಎಂಬಿ ಮೆಮೊರಿ, 10 ಜಿಬಿ ಡಿಸ್ಕ್ ಧಾರಾಳವಾಯಿತು. ಪರವಾನಗಿ ನಿಮ್ಮದೇ ಇರಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು, ಆದ್ದರಿಂದ ಆ ಯಂತ್ರದ ನೆಟ್‌ವರ್ಕ್ ಸಂಪರ್ಕವನ್ನು ಸೆಟ್ಟಿಂಗ್‌ನಲ್ಲಿಯೇ ಕಿತ್ತುಹಾಕಿ.

ದಿನನಿತ್ಯದ ಬಳಕೆಗೆ

ಮಾವನಿಗೆ ಟರ್ಮಿನಲ್ ತೋರಿಸುವಂತಿಲ್ಲ. ಹಾಗಾಗಿ ಒಂದು ಪುಟ್ಟ ಶೆಲ್ ಕಡತ ಬರೆದೆ: ಮೊದಲೆರಡು ಸಾಲುಗಳಲ್ಲಿ ವೈನ್‌ಪ್ರಿಫಿಕ್ಸ್ ಮತ್ತು ಎಲ್‌ಸಿ ಅಂಡರ್‌ಸ್ಕೋರ್ ಆಲ್ ಹೆಸರುಗಳಿಗೆ ಎಕ್ಸ್‌ಪೋರ್ಟ್ ಮೂಲಕ ಬೆಲೆ, ಮೂರನೆಯ ಸಾಲಿನಲ್ಲಿ ತಂತ್ರಾಂಶವಿರುವ ಫೋಲ್ಡರಿನೊಳಕ್ಕೆ ಹೋಗುವ ಸಿಡಿ ಎಂಬ ಆದೇಶ, ನಾಲ್ಕನೆಯದರಲ್ಲಿ ವೈನ್ ಹಾಗೂ ತಂತ್ರಾಂಶದ ಹೆಸರು. ಮೂರನೆಯ ಸಾಲನ್ನು ಬಿಡಬೇಡಿ. ಹಳೆಯ ತಂತ್ರಾಂಶಗಳು ತಮ್ಮ ದತ್ತಾಂಶ ಕಡತವನ್ನು ತಾವು ನಿಂತ ಜಾಗದಲ್ಲಿ ಹುಡುಕುವುದೇ ಹೆಚ್ಚು. ಕಡತಕ್ಕೆ ಓಡಿಸುವ ಅನುಮತಿ ಕೊಟ್ಟು, ಡೆಸ್ಕ್‌ಟಾಪಿನ ಮೇಲೆ ಬಲ ಗುಂಡಿ ಒತ್ತಿ ಲಾಂಚರ್ ಮಾಡಿ ಅದಕ್ಕೆ ಜೋಡಿಸಿದರೆ ಆಯಿತು. ಸೆಟಪ್ ತಾನಾಗಿ ಹುಟ್ಟಿಸಿದ ಐಕಾನನ್ನು ಅಳಿಸಿಬಿಡಿ, ಇಲ್ಲದಿದ್ದರೆ ಎಂದೋ ಒಂದು ದಿನ ಅದನ್ನು ಒತ್ತಿ ಮತ್ತೆ ಅಮೆರಿಕದ ತಾರೀಖಿಗೆ ಹೋಗುತ್ತಾರೆ.

ಪ್ರಿಫಿಕ್ಸ್ ಎಂಬುದು ಒಂದು ಸಾಮಾನ್ಯ ಫೋಲ್ಡರ್ ಆಗಿರುವುದರಿಂದ ಬ್ಯಾಕಪ್ ಎಂದರೆ ಅದನ್ನು ನಕಲು ಮಾಡುವುದಷ್ಟೇ, ಮುಂದಿನ ಯಂತ್ರಕ್ಕೆ ಹೋಗುವಾಗಲೂ ಅಷ್ಟೇ. ಎಂಡಿಬಿ ಕಡತವನ್ನು ಪ್ರತಿ ಸಂಜೆ, ಇಡೀ ಪ್ರಿಫಿಕ್ಸನ್ನು ವೈನ್‌ಗೆ ಅಪ್‌ಡೇಟ್ ಬರುವ ಮೊದಲು ನಕಲು ಮಾಡುವಂತೆ ವ್ಯವಸ್ಥೆ ಮಾಡಿದ್ದೇನೆ. ಹೊಸ ಆವೃತ್ತಿಯ ವೈನ್ ಹಳೆಯ ಪ್ರಿಫಿಕ್ಸನ್ನು ಮೊದಲ ಬಾರಿ ತೆರೆದಾಗ ಅದನ್ನು ತನಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ, ಹಿಂದಕ್ಕೆ ಹೋಗುವ ದಾರಿ ನಿಮ್ಮ ನಕಲು ಮಾತ್ರ.

ಎಲ್ಲ ಮುಗಿಸಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಮಾವ ಫೋನ್ ಮಾಡಿದರು: ಅಂಕಿ ಒತ್ತಿದರೆ ಅಂಕಿ ಬೀಳುತ್ತಿಲ್ಲ, ಕರ್ಸರ್ ಓಡಾಡುತ್ತದೆ. ಮಂಡಿಯಲ್ಲಿ ತೂಕ ಮತ್ತು ದರವನ್ನೆಲ್ಲ ಕೀಲಿಮಣೆಯ ಬಲಗಡೆಯ ಅಂಕಿ ಗುಂಡಿಗಳಿಂದಲೇ ಒತ್ತುತ್ತಾರೆ, ಲಿನಕ್ಸ್ ಆರಂಭವಾದಾಗ ನಂಬರ್ ಲಾಕ್ ಆರಿಹೋಗಿತ್ತು. ಮಿಂಟ್‌ನಲ್ಲಿ ನಮ್‌ಲಾಕ್‌ಎಕ್ಸ್ ಎಂಬ ಕಟ್ಟನ್ನು ಹಾಕಿ, ಲಾಗಿನ್ ವಿಂಡೋ ಸೆಟ್ಟಿಂಗ್ಸ್‌ನಲ್ಲಿ ನಮ್‌ಲಾಕ್ ಸಕ್ರಿಯಗೊಳಿಸುವ ಆಯ್ಕೆಯನ್ನು ಗುರುತಿಸಿದರೆ ಯಂತ್ರ ಆರಂಭವಾಗುವಾಗಲೇ ಆ ದೀಪ ಹತ್ತಿಕೊಂಡಿರುತ್ತದೆ.